ಇಳಿಯದ ಪರದೆ, ತಾನಾಗಿ ಇಳಿಯುವ ಪರದೆ: ರಂಗಮಂದಿರದ ಅಗ್ನಿ ಪರದೆಗೆ ದೋಷ ನಿವಾರಣೆ ಕೈಪಿಡಿ

ರಂಗದ ಮೇಲೆ ಬೆಂಕಿ ಹೊತ್ತಿಕೊಂಡಾಗ ಹೊಗೆಯೂ ಜ್ವಾಲೆಯೂ ಸಭಾಂಗಣದತ್ತ ನುಗ್ಗದಂತೆ ಪ್ರಸೀನಿಯಂ ಕಮಾನಿನ, ಅಂದರೆ ರಂಗಕ್ಕೂ ಸಭಾಂಗಣಕ್ಕೂ ನಡುವಿನ ಗೋಡೆಯಲ್ಲಿರುವ ದೊಡ್ಡ ಕಮಾನಿನ ತೆರಪನ್ನು ಪೂರ್ತಿಯಾಗಿ ಮುಚ್ಚುವ ತಡೆಯನ್ನು ಅಗ್ನಿ ಪರದೆ ಎನ್ನುತ್ತೇವೆ. ಕೆಲಸದವರ ಬಾಯಲ್ಲಿ ಅದು ಫೈರ್ ಕರ್ಟನ್ ಅಥವಾ ಸೇಫ್ಟಿ ಕರ್ಟನ್. ರಂಗಮಂದಿರದ ವ್ಯವಸ್ಥಾಪಕರು, ರಂಗ ನಿರ್ವಾಹಕರು ಮತ್ತು ಹಗ್ಗ, ರಾಟೆಗಳ ಉಸ್ತುವಾರಿ ನೋಡುವ ಸಿಬ್ಬಂದಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಪರದೆಯನ್ನು ಬಿಚ್ಚಿ ರಿಪೇರಿ ಮಾಡುವುದನ್ನು ಇದು ಕಲಿಸುವುದಿಲ್ಲ. ಕಣ್ಣಿಗೆ ಬಿದ್ದ ಲಕ್ಷಣದಿಂದ ಹೊರಟು, ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ದೋಷ ಯಾವ ಭಾಗದಲ್ಲಿದೆ ಎಂದು ಗುರುತಿಸುವುದಕ್ಕೂ, ಎಲ್ಲಿ ಕೈಬಿಟ್ಟು ತಜ್ಞರನ್ನು ಕರೆಯಬೇಕು ಎಂದು ತಿಳಿಯುವುದಕ್ಕೂ ಇದು ನೆರವಾಗುತ್ತದೆ.

ಮೊದಲಿಗೆ ನಿಮ್ಮಲ್ಲಿರುವುದು ನಿಜವಾಗಿಯೂ ಅಗ್ನಿ ಪರದೆಯೇ ಎಂದು ಖಚಿತಪಡಿಸಿಕೊಳ್ಳಿ. ಮುಂದಿನ ಮಖಮಲ್ ಪರದೆಗೆ ಬೆಂಕಿ ತಡೆಯುವ ದ್ರಾವಣ ಹಾಕಿಸಿ, ಅದನ್ನೇ ಫೈರ್ ಕರ್ಟನ್ ಎಂದು ಕರೆಯುವುದುಂಟು. ಆ ದ್ರಾವಣ ಬಟ್ಟೆ ಬೇಗ ಹೊತ್ತಿಕೊಳ್ಳದಂತೆ ತಡೆಯುತ್ತದೆ, ಅಷ್ಟೇ. ಹೊಗೆಯನ್ನು ಅದು ತಡೆಯಲಾರದು. ಅಗ್ನಿ ಪರದೆ ಉಕ್ಕಿನ ಚೌಕಟ್ಟಿನದೋ ಫೈಬರ್‌ಗ್ಲಾಸ್ ಬಟ್ಟೆಯದೋ ಆಗಿದ್ದು, ಅದರ ಎರಡು ಅಂಚುಗಳು ಗೋಡೆಗೆ ಬಿಗಿದ ಉಕ್ಕಿನ ಕಾಲುವೆಗಳೊಳಗೆ ಓಡುತ್ತವೆ. ಈ ಕಾಲುವೆಗೆ ಸ್ಮೋಕ್ ಪಾಕೆಟ್ ಎಂದು ಹೆಸರು. ಅದು ಕಾಣಿಸದಿದ್ದರೆ ಮುಂದಿನ ವಿವರಗಳು ನಿಮ್ಮ ಮಂದಿರಕ್ಕೆ ಅನ್ವಯಿಸುವುದಿಲ್ಲ.

ಪರದೆ ಕೆಲಸ ಮಾಡುವ ಬಗೆ

ರಂಗದ ಮೇಲಿನ ಅಟ್ಟದ ಎತ್ತರ ಸಾಕಷ್ಟಿರುವಲ್ಲಿ ಪರದೆ ಮಡಿಕೆಯಿಲ್ಲದೆ ನೇರವಾಗಿ ಏರಿ ನಿಲ್ಲುತ್ತದೆ. ಎತ್ತರ ಸಾಲದಿರುವಲ್ಲಿ ಕೆಳ ಅಂಚಿನಿಂದ ಮಡಿಕೆ ಮಡಿಕೆಯಾಗಿ ಮೇಲಕ್ಕೆ ಸೇರಿಕೊಳ್ಳುತ್ತದೆ. ಎರಡರ ತತ್ತ್ವವೂ ಒಂದೇ. ಪರದೆಯ ತೂಕ, ತಂತಿಯ ಇನ್ನೊಂದು ತುದಿಗೆ ತೂಗುವ ಎದುರುತೂಕಕ್ಕಿಂತ ಸ್ವಲ್ಪ ಹೆಚ್ಚಾಗಿರುತ್ತದೆ, ಆದ್ದರಿಂದ ತಡೆದು ಹಿಡಿಯುವವರೆಗೆ ಮಾತ್ರ ಅದು ಮೇಲಿರುತ್ತದೆ. ಹಿಡಿದಿರುವುದು ರಿಲೀಸ್ ಹಗ್ಗ. ಕೈಯಿಂದ ನಡೆಯುವ ವ್ಯವಸ್ಥೆಗಳಲ್ಲಿ ಇದು ರಂಗದ ಒಂದು ಪಕ್ಕದಿಂದ ಹೊರಟು, ಕಮಾನಿನ ಮೇಲೆ ಹಾದು, ಇನ್ನೊಂದು ಪಕ್ಕಕ್ಕೆ ಇಳಿಯುತ್ತದೆ. ನಡುನಡುವೆ ಶಾಖಕ್ಕೆ ಕರಗುವ ಕೊಂಡಿಗಳಿರುತ್ತವೆ. ಸಾಮಾನ್ಯವಾಗಿ ಬಳಸುವ ಕೊಂಡಿ ಸುಮಾರು 74 ಡಿಗ್ರಿ ಸೆಲ್ಸಿಯಸ್‌ಗೆ ಬಿಟ್ಟುಕೊಳ್ಳುತ್ತದೆ. ಕೊಂಡಿ ಕರಗಿದರೂ, ಯಾರಾದರೂ ಹಗ್ಗದ ತುದಿಯ ಉಂಗುರವನ್ನು ಕೊಕ್ಕೆಯಿಂದ ಬಿಡಿಸಿದರೂ, ಹಗ್ಗವನ್ನೇ ಕತ್ತರಿಸಿದರೂ ಬಿಗಿ ತಪ್ಪಿ ಪರದೆ ಇಳಿಯಬೇಕು. ಕರೆಂಟು ಇರಲಿ ಬಿಡಲಿ, ಪಕ್ಕದಲ್ಲಿ ಮನುಷ್ಯರಿರಲಿ ಬಿಡಲಿ, ಇಳಿಯಬೇಕು. ಮುಂದೆ ಹೇಳುವ ದೋಷಗಳಲ್ಲಿ ಬಹುಪಾಲು ಈ ಇಳಿತಕ್ಕೆ ಏನೋ ಒಂದು ಅಡ್ಡ ಬಂದುದರಿಂದ ಆದವು, ಮತ್ತು ಆ ಅಡ್ಡಿಯನ್ನು ತಂದಿಟ್ಟವರು ಹೆಚ್ಚಿನ ಸಂದರ್ಭಗಳಲ್ಲಿ ಒಳ್ಳೆಯ ಉದ್ದೇಶದ ಸಿಬ್ಬಂದಿಯೇ ಆಗಿರುತ್ತಾರೆ.

ಕೈ ಹಾಕುವ ಮುನ್ನ

ಪರದೆ ಇಳಿಯುವ ಸಾಲಿನಲ್ಲಿ ಯಾರೂ ನಿಲ್ಲಬಾರದು, ಏನನ್ನೂ ಇಡಬಾರದು. ನೆಲದ ಮೇಲೆ ಹಳದಿ ಪಟ್ಟಿ ಎಳೆಯಿಸಿಡುವುದು ಬಹಳ ಅಗ್ಗದ ಮುನ್ನೆಚ್ಚರಿಕೆ. ಪರೀಕ್ಷೆಗೆ ಇಬ್ಬರಾದರೂ ಬೇಕು: ಒಬ್ಬರು ರಿಲೀಸ್ ಬಳಿ, ಇನ್ನೊಬ್ಬರು ಸಭಾಂಗಣದಿಂದ ಇಡೀ ತೆರಪು ಕಾಣುವ ಜಾಗದಲ್ಲಿ. ಬಿಡುವ ಮುನ್ನ ಗಟ್ಟಿಯಾಗಿ ಕೂಗಿ ಹೇಳಿ, ಎದುರಿನವರಿಂದ ಉತ್ತರ ಬಂದ ಮೇಲೆಯೇ ಬಿಡಿ. ಪರದೆ ಅಗ್ನಿ ಎಚ್ಚರಿಕೆಯ ಪ್ಯಾನೆಲ್‌ಗೆ ಜೋಡಣೆಯಾಗಿದ್ದರೆ, ಪರೀಕ್ಷೆ ನಡೆಯುವ ವಿಷಯವನ್ನು ಪ್ಯಾನೆಲ್ ನೋಡಿಕೊಳ್ಳುವವರಿಗೆ ಮೊದಲೇ ತಿಳಿಸಬೇಕು. ಅರ್ಧಕ್ಕೆ ನಿಂತ ಪರದೆಯ ಕೆಳಗೆ ನುಗ್ಗಿ ನೋಡುವುದು, ಎದುರುತೂಕದ ಚೌಕಟ್ಟಿನ ಕೆಳಗೆ ನಿಲ್ಲುವುದು, ತರಬೇತಿಯಿಲ್ಲದೆ ಅಟ್ಟ ಹತ್ತುವುದು, ಈ ಮೂರನ್ನೂ ಯಾವ ಕಾರಣಕ್ಕೂ ಮಾಡಬಾರದು.

ಲಕ್ಷಣ: ರಿಲೀಸ್ ಬಿಟ್ಟರೂ ಪರದೆ ಕದಲುವುದೇ ಇಲ್ಲ

ಮೊದಲು ಕಣ್ಣಿನಿಂದಲೇ ನೋಡಿ. ಹಿಂದಿನ ಸಲ ರಿಪೇರಿಗೆ ಬಂದವರು ಪರದೆಯನ್ನು ಭದ್ರವಾಗಿ ನಿಲ್ಲಿಸಲು ಹಾಕಿದ್ದ ಪಿನ್ನು ಅಲ್ಲೇ ಉಳಿದಿರಬಹುದು. ಉಂಗುರಕ್ಕೂ ಕೊಕ್ಕೆಗೂ ಸೇರಿಸಿ ಬಣ್ಣ ಬಳಿದು ಎರಡೂ ಅಂಟಿಕೊಂಡಿರಬಹುದು. ರಿಲೀಸ್ ಹಗ್ಗದ ಮೇಲೆ ಯಾರೋ ಕೇಬಲ್ ಸುರುಳಿ ನೇತುಹಾಕಿರಬಹುದು. ಹಗ್ಗವನ್ನು ಪೈಪಿಗೆ ಗಂಟು ಹಾಕಿರುವುದೂ ಕಾಣಸಿಗುತ್ತದೆ. ಅದನ್ನು ಕಂಡಾಗ ಬಿಚ್ಚಿ ಸುಮ್ಮನಾಗಬೇಡಿ, ಯಾಕೆ ಕಟ್ಟಿದರು ಎಂದು ವಿಚಾರಿಸಿ. ಪರದೆ ಹಿಂದೆ ತಾನಾಗಿ ಇಳಿದಿದ್ದರಿಂದ ಕಟ್ಟಿದ್ದರೆ, ನಿಮ್ಮ ನಿಜವಾದ ದೋಷ ಮುಂದಿನ ಬೇರೊಂದು ವಿಭಾಗದಲ್ಲಿದೆ.

ಇವಾವುವೂ ಇಲ್ಲದಿದ್ದರೆ, ಉಂಗುರ ಬಿಡಿಸಿದ ಕ್ಷಣದಲ್ಲಿ ಹಗ್ಗ ಏನಾಯಿತು ಎಂಬುದೇ ಮುಖ್ಯ ಸುಳಿವು. ಹಗ್ಗ ಇನ್ನೂ ಬಿಗಿಯಾಗಿಯೇ ಇದ್ದರೆ ರಿಲೀಸ್ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ: ರಾಟೆ ತುಕ್ಕು ಹಿಡಿದು ತಿರುಗುತ್ತಿಲ್ಲ, ಇಲ್ಲವೇ ಹಗ್ಗ ರಾಟೆಯ ತೋಡಿನಿಂದ ಜಾರಿ ಪಕ್ಕದ ತಗಡಿಗೆ ಕಚ್ಚಿಕೊಂಡಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಮೊದಲಿನದನ್ನು ಹೆಚ್ಚಾಗಿ ನಿರೀಕ್ಷಿಸಬೇಕು. ಹಗ್ಗ ಸಡಿಲವಾಗಿ ಜೋತುಬಿದ್ದೂ ಪರದೆ ಇಳಿಯದಿದ್ದರೆ ರಿಲೀಸ್ ತನ್ನ ಕೆಲಸ ಮಾಡಿದೆ, ತೂಕದ ಲೆಕ್ಕ ತಪ್ಪಿದೆ. ಕೈಯಿಂದ ಎತ್ತುವ ಪರದೆಗಳಲ್ಲಿ, ಎತ್ತುವುದಕ್ಕೆ ಹಗುರವಾಗಲಿ ಎಂದು ಎದುರುತೂಕದ ಚೌಕಟ್ಟಿಗೆ ಇನ್ನೊಂದೆರಡು ಕಬ್ಬಿಣದ ತುಂಡು ಸೇರಿಸುವ ದುರಭ್ಯಾಸವೊಂದಿದೆ. ಎತ್ತುವುದು ಹಗುರವಾದಷ್ಟೂ ಇಳಿಯುವುದು ಕಷ್ಟವಾಗುತ್ತದೆ. ಬಾವಿಯ ಕೊಡಕ್ಕಿಂತ ಏತದ ಕಲ್ಲು ಭಾರವಾದರೆ ಕೊಡ ನೀರಿಗೆ ಮುಟ್ಟುವುದೇ ಇಲ್ಲ. ಆದರೂ ಆ ತುಂಡುಗಳನ್ನು ನೀವೇ ತೆಗೆಯಬೇಡಿ. ಅಂದಾಜಿನಲ್ಲಿ ತೂಕ ತೆಗೆದ ಪರದೆ ಮುಂದಿನ ಸಲ ಕಲ್ಲಿನಂತೆ ಬೀಳಬಹುದು. ಎಷ್ಟು ತುಂಡುಗಳಿವೆ ಎಂದು ಎಣಿಸಿ ಫೋಟೊ ತೆಗೆದಿಟ್ಟು, ಅಳವಡಿಸಿದ ಸಂಸ್ಥೆಯ ದಾಖಲೆಯೊಂದಿಗೆ ತಾಳೆ ನೋಡಲು ರಿಗ್ಗಿಂಗ್ (ರಂಗದ ಹಗ್ಗ, ರಾಟೆ, ತೂಕಗಳ) ತಜ್ಞರಿಗೆ ಕೊಡಿ.

ಲಕ್ಷಣ: ಅರ್ಧ ದಾರಿಯಲ್ಲಿ ನಿಲ್ಲುತ್ತದೆ ಅಥವಾ ಓರೆಯಾಗಿ ಇಳಿಯುತ್ತದೆ

ಅತ್ಯಂತ ಅಪಾಯದ ಲಕ್ಷಣ ಇದೇ, ಯಾಕೆಂದರೆ ಪರದೆ ಇದೆ ಎಂಬ ನಂಬಿಕೆ ಉಳಿದು, ಪರದೆಯ ಉಪಯೋಗ ಮಾತ್ರ ಇಲ್ಲವಾಗುತ್ತದೆ. ಶಿಕಾಗೋದ ಇರೊಕ್ವಾ ಥಿಯೇಟರ್ ಬಾಗಿಲು ತೆರೆದು ಒಂದೂವರೆ ತಿಂಗಳೂ ಆಗಿರಲಿಲ್ಲ. 1903ರ ಡಿಸೆಂಬರ್ 30ರ ಮಧ್ಯಾಹ್ನದ ಪ್ರದರ್ಶನದಲ್ಲಿ ಆರ್ಕ್ ದೀಪವೊಂದರಿಂದ ರಂಗದ ಬಟ್ಟೆಗೆ ಬೆಂಕಿ ತಗುಲಿದಾಗ ಇಳಿಸಿದ ಪರದೆ ದಾರಿಯಲ್ಲಿ ಸಿಕ್ಕಿಕೊಂಡು ಪೂರ್ತಿ ಇಳಿಯಲಿಲ್ಲ. ರಂಗದ ಮೇಲ್ಛಾವಣಿಯ ಹೊಗೆಕಿಂಡಿಗಳು ತೆರೆಯದಂತೆ ಭದ್ರವಾಗಿದ್ದವು. ಕಲಾವಿದರು ಪಾರಾಗಲು ಹಿಂಬಾಗಿಲು ತೆರೆದೊಡನೆ ಒಳನುಗ್ಗಿದ ಗಾಳಿ ಬೆಂಕಿಯನ್ನು ಪರದೆಯ ಕೆಳಗಿನ ಸಂದಿಯಿಂದ ಪ್ರೇಕ್ಷಕರ ಮೇಲೆ ದಬ್ಬಿತು. ಸತ್ತವರು 602 ಮಂದಿ.

ಪರೀಕ್ಷೆಯಲ್ಲಿ ಪರದೆ ನಿಂತರೆ, ನಿಂತ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿ. ದೂರದಿಂದಲೇ ಸುರಕ್ಷಿತವಾಗಿ ಮೇಲಕ್ಕೆ ಎತ್ತಲು ಬಂದರೆ, ಇನ್ನೊಮ್ಮೆ ಬಿಟ್ಟು ನೋಡಿ. ಎರಡು ಸಲವೂ ಒಂದೇ ಎತ್ತರದಲ್ಲಿ ನಿಂತರೆ ಅಲ್ಲಿ ಏನೋ ಅಡ್ಡವಿದೆ. ಹೊಸದಾಗಿ ಏನು ನೇತುಹಾಕಿದ್ದೀರಿ ಎಂದು ಕೇಳಿಕೊಳ್ಳಿ: ಪರದೆಗೆ ತೀರ ಹತ್ತಿರ ತಂದ ಲೈಟ್ ಬಾರ್, ಅದರಿಂದ ಜೋಲುವ ಕೇಬಲ್, ಕಮಾನಿನ ಒಳಗೋಡೆಗೆ ಸಿಕ್ಕಿಸಿದ ಸ್ಪೀಕರ್, ಮುಂದಕ್ಕೆ ಚಾಚಿದ ಸೆಟ್ಟಿನ ಮೂಲೆ, ಅಥವಾ ಪಕ್ಕದ ಮಖಮಲ್ ಪರದೆಯ ಅಂಚು. ಇವುಗಳನ್ನು ಸರಿಸಲು ತಜ್ಞರು ಬೇಕಿಲ್ಲ. ಸರಿಸಿ, ಮತ್ತೆ ಪರೀಕ್ಷಿಸಿ, ಆ ಜಾಗದಲ್ಲಿ ಇನ್ನು ಮುಂದೆ ಏನನ್ನೂ ಕಟ್ಟಬಾರದು ಎಂದು ಹೊರಗಿನಿಂದ ಬರುವ ತಂಡಗಳಿಗೂ ಬರಹದಲ್ಲಿ ತಿಳಿಸಿ.

ಒಮ್ಮೆ ಇಲ್ಲಿ, ಇನ್ನೊಮ್ಮೆ ಅಲ್ಲಿ ನಿಲ್ಲುತ್ತಿದ್ದರೆ ಕಾರಣ ಘರ್ಷಣೆ. ಹೆಚ್ಚಿನವರಿಗೆ ಹೊಳೆಯದ ಒಂದು ಪರೀಕ್ಷೆ ಇಲ್ಲಿದೆ. ಸಭಾಂಗಣದ ಹವಾನಿಯಂತ್ರಣವನ್ನೂ ರಂಗದ ಎಕ್ಸಾಸ್ಟ್ ಫ್ಯಾನುಗಳನ್ನೂ ಆರಿಸಿ ಪರದೆ ಇಳಿಸಿ. ಎರಡು ಕಡೆಯ ಗಾಳಿಯ ಒತ್ತಡದಲ್ಲಿ ವ್ಯತ್ಯಾಸವಿದ್ದಾಗ ಬಟ್ಟೆಯ ಪರದೆ ಹಾಯಿಯಂತೆ ಉಬ್ಬಿ, ಅದರ ಅಂಚುಗಳು ಕಾಲುವೆಗೆ ಒತ್ತಿ ಹಿಡಿಯುತ್ತವೆ. ಫ್ಯಾನು ಆರಿಸಿದಾಗ ಸಲೀಸಾಗಿ ಇಳಿದು, ಹಾಕಿದಾಗ ನಿಂತರೆ ಹಗ್ಗ, ರಾಟೆಗಳನ್ನು ಬಿಚ್ಚುವ ಅಗತ್ಯವಿಲ್ಲ. ಅಗ್ನಿ ಎಚ್ಚರಿಕೆ ಬಂದೊಡನೆ ಹವಾನಿಯಂತ್ರಣ ತಾನಾಗಿ ನಿಲ್ಲುವಂತೆ ಜೋಡಿಸುವ ಕೆಲಸ ಎಲೆಕ್ಟ್ರಿಷಿಯನ್ ಮತ್ತು ಪ್ಯಾನೆಲ್ ಕಂಪನಿಯದು.

ಗಾಳಿಯಿಂದ ವ್ಯತ್ಯಾಸವಾಗದಿದ್ದರೆ ಕಾಲುವೆಯ ಕೆಳಭಾಗವನ್ನು, ಪರದೆ ಮೇಲೆ ಭದ್ರವಾಗಿ ನಿಂತಿರುವಾಗ, ಟಾರ್ಚ್ ಹಿಡಿದು ನೋಡಿ. ಧೂಳಿನ ಗಡ್ಡೆ, ಹಳೆಯ ಗ್ರೀಸು ಗಟ್ಟಿಯಾಗಿ ಕಪ್ಪು ಅಂಟಿನಂತಾದದ್ದು, ಸೆಟ್ಟು ಬಡಿದು ಒಳಕ್ಕೆ ಬಾಗಿದ ತಗಡು, ಇವು ಸಿಗುತ್ತವೆ. ಪರದೆಯ ಅಂಚು ಉಕ್ಕಿನ ತಂತಿಯ ಮೇಲೆ ಓಡುವಂತಿದ್ದರೆ, ಕೈಗವಸು ತೊಟ್ಟು, ಮಡಿಸಿದ ಹತ್ತಿ ಬಟ್ಟೆಯೊಂದನ್ನು ತಂತಿಗೆ ಸುತ್ತಿ ನಿಧಾನವಾಗಿ ಮೇಲಕ್ಕೆ ಎಳೆಯಿರಿ. ಬಟ್ಟೆಯ ನೂಲು ಎಲ್ಲಾದರೂ ಸಿಕ್ಕಿದರೆ ಅಲ್ಲಿ ತಂತಿಯ ಎಳೆ ಮುರಿದು ಸೂಜಿಯಂತೆ ಹೊರಗೆ ಎದ್ದಿದೆ. ಬರಿಗೈಯಿಂದ ಇದನ್ನು ಮಾಡಿದವರ ಅಂಗೈ ಸೀಳುತ್ತದೆ. ಎಳೆ ಮುರಿದ ತಂತಿಗೆ ಎಣ್ಣೆ ಹಾಕಿ ಉಪಯೋಗವಿಲ್ಲ, ಅದನ್ನು ಬದಲಿಸಲೇಬೇಕು.

ಪರದೆಯ ಒಂದು ಪಕ್ಕ ಮುಂದಾಗಿ ಇನ್ನೊಂದು ಹಿಂದೆ ಬಿದ್ದರೆ, ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ, ಎರಡನೆಯ ಸಲ ಇಳಿಸಬೇಡಿ. ಎತ್ತುವ ತಂತಿಗಳಲ್ಲೊಂದು ಜಾರಿದೆ, ಹಿಗ್ಗಿದೆ ಅಥವಾ ತುದಿಯ ಹಿಡಿಕೆ ಬಿಡುತ್ತಿದೆ. ಉಳಿದ ತಂತಿಗಳು ಅದರ ಪಾಲಿನ ಭಾರವನ್ನೂ ಹೊತ್ತಿರುತ್ತವೆ. ರಂಗವನ್ನು ಖಾಲಿ ಮಾಡಿಸಿ, ಬೀಗ ಹಾಕಿ, ತಜ್ಞರನ್ನು ಕರೆಸಿ.

ಲಕ್ಷಣ: ತೀರ ನಿಧಾನ ಅಥವಾ ತೀರ ವೇಗ

ಇದಕ್ಕೆ ಮೊಬೈಲಿನ ಸ್ಟಾಪ್‌ವಾಚ್ ಸಾಕು. ವಿಡಿಯೊ ಮಾಡಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 80ನೇ ಸಂಖ್ಯೆಯ ಮಾನದಂಡದ ಪ್ರಕಾರ ಪರದೆ 30 ಸೆಕೆಂಡಿನೊಳಗೆ ಪೂರ್ತಿ ಮುಚ್ಚಬೇಕು, ಆದರೆ ಕೊನೆಯ ಸುಮಾರು 2.4 ಮೀಟರು ದೂರವನ್ನು ಇಳಿಯಲು 5 ಸೆಕೆಂಡಿಗಿಂತ ಕಡಿಮೆ ಹೊತ್ತು ತೆಗೆದುಕೊಳ್ಳಬಾರದು. ಮೊದಲನೆಯ ಅಂಕಿ ಪ್ರೇಕ್ಷಕರನ್ನು ಕಾಯುತ್ತದೆ. ಎರಡನೆಯದು ಪರದೆಯ ಕೆಳಗೆ ಓಡಿ ಪಾರಾಗುತ್ತಿರುವ ನಟ, ಕೆಲಸಗಾರರನ್ನು ಕಾಯುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಅಳೆಯಿರಿ.

ನಿಧಾನವಾಗಿದ್ದರೆ ಹಿಂದಿನ ವಿಭಾಗದ ಘರ್ಷಣೆಯ ಪರೀಕ್ಷೆಗಳನ್ನೇ ಮಾಡಿ. ಕೊನೆಯ ಹಂತದಲ್ಲಿ ವೇಗ ತಗ್ಗದೆ ನೆಲಕ್ಕೆ ಬಡಿದರೆ ವೇಗ ತಗ್ಗಿಸುವ ಹೈಡ್ರಾಲಿಕ್ ಸಿಲಿಂಡರಿನಲ್ಲಿ ಎಣ್ಣೆ ಕಡಿಮೆಯಾಗಿರುವ ಸಂಭವ ಹೆಚ್ಚು. ಸಿಲಿಂಡರಿನ ಕೆಳಗೆ ನೆಲದ ಮೇಲೆ ಎಣ್ಣೆಯ ಕಲೆ, ಅದರ ಮೇಲೆ ಧೂಳು ಅಂಟಿ ಮೂಡಿದ ಉಂಗುರ ಇದೆಯೇ ನೋಡಿ. ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಅದರ ಸ್ಕ್ರೂ ತಿರುಗಿಸಿ ವೇಗ ಸರಿಪಡಿಸುವುದಾಗಲಿ, ಕೈಗೆ ಸಿಕ್ಕ ಎಣ್ಣೆ ತುಂಬುವುದಾಗಲಿ ಬೇಡ.

ಲಕ್ಷಣ: ಬೆಂಕಿಯಿಲ್ಲದೆ ತಾನಾಗಿ ಇಳಿಯುತ್ತದೆ

ಪ್ರದರ್ಶನದ ನಡುವೆ ಪರದೆ ಇಳಿದು ನಾಟಕ ನಿಂತರೆ ಎಲ್ಲರಿಗೂ ಸಿಟ್ಟು ಬರುತ್ತದೆ, ಆ ಸಿಟ್ಟಿನಲ್ಲೇ ಯಾರೋ ರಿಲೀಸ್ ಹಗ್ಗ ಕಟ್ಟುತ್ತಾರೆ. ಅಗ್ನಿ ಪರದೆಗೆ ಮಾಡಬಹುದಾದ ಅತಿ ಕೆಟ್ಟ ರಿಪೇರಿ ಅದು. ಇಳಿದ ಪರದೆ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು, ನಿಜವಾಗಿ ಬೆಂಕಿ ಇಲ್ಲ ಎಂಬುದನ್ನು ಅಟ್ಟದವರೆಗೂ ಹೊಗೆ, ವಾಸನೆ ಗಮನಿಸಿ ಖಚಿತಪಡಿಸಿಕೊಳ್ಳಿ.

ಆಮೇಲೆ, ಅದು ಯಾವಾಗ ಇಳಿಯಿತು ಎಂಬುದನ್ನು ನೆನಪು ಮಾಡಿಕೊಳ್ಳಿ. ಕರೆಂಟು ಹೋದ ಕ್ಷಣಕ್ಕೆ ಸರಿಯಾಗಿ ಇಳಿದಿದ್ದರೆ, ನಿಮ್ಮದು ವಿದ್ಯುತ್ಕಾಂತ ಹಿಡಿದಿಟ್ಟ ಪರದೆ. ವಿದ್ಯುತ್ ತಪ್ಪಿದಾಗ ಬಿಟ್ಟುಕೊಳ್ಳುವುದೇ ಅದರ ವಿನ್ಯಾಸ. ಕರೆಂಟು ಹೋಗಿ ಜನರೇಟರ್ ಹಿಡಿದುಕೊಳ್ಳುವ ನಡುವಿನ ಕೆಲವು ಸೆಕೆಂಡುಗಳನ್ನು ದಾಟಿಸಲು ಬ್ಯಾಟರಿ ಇದ್ದರೆ, ಆ ಬ್ಯಾಟರಿ ಸತ್ತಿದೆ. ಬದಲಿಸುವುದು ಸುಲಭ. ಹೊಗೆ ಯಂತ್ರ ಹಾಕಿದ ದೃಶ್ಯದಲ್ಲಿ ಇಳಿದಿದ್ದರೆ, ಹೊಗೆ ಸಂವೇದಕ ಪರದೆಗೆ ಜೋಡಣೆಯಾಗಿದೆ. ಶಾಖ ಸಂವೇದಕಕ್ಕೆ ಬದಲಿಸಬಹುದೇ ಎಂದು ಪ್ಯಾನೆಲ್ ಕಂಪನಿಯನ್ನೂ ಅಗ್ನಿಶಾಮಕ ಅಧಿಕಾರಿಗಳನ್ನೂ ಕೇಳಬೇಕು. ಸಂವೇದಕಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುವುದು ಪರಿಹಾರವಲ್ಲ.

ಇವೆರಡೂ ಅಲ್ಲದಿದ್ದರೆ ಕರಗುವ ಕೊಂಡಿಗಳನ್ನು ನೋಡಬೇಕು. ಬೆರಳುದ್ದದ ಎರಡು ತೆಳು ಲೋಹದ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬೆಸುಗೆ ಹಾಕಿದ ಸಾಧಾರಣ ವಸ್ತು ಅದು. ದೀರ್ಘಕಾಲ ಎಳೆತದಲ್ಲಿದ್ದ ಕೊಂಡಿಯ ಪಟ್ಟಿಗಳು ಕೂದಲೆಳೆಯಷ್ಟು ಜಾರಿ, ಮೊದಲು ಮುಚ್ಚಿಕೊಂಡಿದ್ದ ಬೆಸುಗೆಯ ಮಂಕು ಬೂದು ಗೆರೆ ಅಂಚಿನಲ್ಲಿ ಕಾಣತೊಡಗುತ್ತದೆ. ಅಂಥ ಕೊಂಡಿ ಯಾವ ದಿನವಾದರೂ ಬಿಟ್ಟುಕೊಳ್ಳುತ್ತದೆ. ಹತ್ತಿರದಲ್ಲಿ ಬಿಸಿಯಾಗುವ ಹ್ಯಾಲೊಜೆನ್ ದೀಪ ಇದ್ದರೆ ಇನ್ನೂ ಬೇಗ. ಆಗ ದೀಪವನ್ನು ದೂರ ಸರಿಸಬೇಕು, ಹೆಚ್ಚು ತಾಪಮಾನದ ಕೊಂಡಿ ಹಾಕಿ ದೀಪವನ್ನು ಅಲ್ಲೇ ಬಿಡಬಾರದು. ಕೊಂಡಿಗೆ ಬಣ್ಣ ಬಳಿದಿದ್ದರೆ ದೋಷ ಇದಕ್ಕೆ ವಿರುದ್ಧ: ಬಣ್ಣದ ಪದರ ಶಾಖವನ್ನು ತಡೆದು, ಅದು ಕರಗಬೇಕಾದಾಗ ಕರಗುವುದಿಲ್ಲ. ಬಣ್ಣ ಕೆರೆದು ಉಳಿಸಿಕೊಳ್ಳಲು ಹೋಗದೆ, ಅದೇ ತಾಪಮಾನದ, ಅದೇ ಭಾರದ ಹೊಸ ಕೊಂಡಿಯನ್ನೇ ತರಿಸಿ. ಅದರ ಜಾಗದಲ್ಲಿ ತಂತಿ ಸುತ್ತುವುದು ರಿಲೀಸ್ ಹಗ್ಗ ಕಟ್ಟಿದ್ದಕ್ಕೆ ಸಮ.

ಲಕ್ಷಣ: ಪೂರ್ತಿ ಇಳಿದರೂ ಅಂಚಿನಲ್ಲಿ ಬೆಳಕು ಕಾಣುತ್ತದೆ

ಪರದೆ ಇಳಿಸಿ, ರಂಗದ ದೀಪಗಳನ್ನು ಹಾಕಿ, ಸಭಾಂಗಣವನ್ನು ಕತ್ತಲು ಮಾಡಿ ಮಧ್ಯದ ಸಾಲಿನಲ್ಲಿ ಕುಳಿತು ನೋಡಿ. ಬೆಳಕು ಬಂದ ಕಡೆಯಿಂದ ಹೊಗೆಯೂ ಬರುತ್ತದೆ. ಕೆಳ ಅಂಚಿನ ಬೆಳಕಿಗೆ ಸಾಮಾನ್ಯ ಕಾರಣ ನೆಲದ ಮೇಲೆ ಅಡ್ಡ ಹಾಯಿಸಿದ ಕೇಬಲ್, ನೃತ್ಯದ ಮ್ಯಾಟಿನ ಅಂಚು ಅಥವಾ ಸೆಟ್ಟಿನ ಹಳಿ. ಇವೆಲ್ಲ ತೆಗೆದ ಮೇಲೂ ಸಂದಿ ಉಳಿದರೆ, ನೆಲದ ಏರಿಳಿತಕ್ಕೆ ಹೊಂದಿಕೊಳ್ಳಲೆಂದು ಕೆಳ ಅಂಚಿಗೆ ಹಾಕಿರುವ ಮೆತ್ತನೆಯ ಪಟ್ಟಿ ಚಪ್ಪಟೆಯಾಗಿ ಗಟ್ಟಿಯಾಗಿದೆ. ಪಕ್ಕದಲ್ಲಿ ಬೆಳಕು ಕಂಡರೆ ಬಟ್ಟೆಯ ಅಂಚು ಕಾಲುವೆಯಿಂದ ಹೊರಬಿದ್ದಿದೆ. ಅದನ್ನು ಕೈಯಿಂದ ತುರುಕಿದರೆ ಮುಂದಿನ ಸಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮೇಲಿನ ಅಂಚು ಕಮಾನಿನ ಗೋಡೆಯನ್ನು ಸುಮಾರು 600 ಮಿಲಿಮೀಟರು, ಪಕ್ಕದ ಅಂಚುಗಳು ಸುಮಾರು 450 ಮಿಲಿಮೀಟರು ಮುಚ್ಚಿರಬೇಕೆಂಬುದು ಮೇಲೆ ಹೇಳಿದ ಮಾನದಂಡದ ನಿಯಮ.

ಲಕ್ಷಣ: ಮೇಲೇರುವುದಿಲ್ಲ

ಇದು ಕೆಲಸಕ್ಕೆ ತೊಡಕು, ಜೀವಕ್ಕಲ್ಲ. ಎಂಸಿಬಿ (ಕರೆಂಟು ಮಿತಿಮೀರಿದಾಗ ತಾನಾಗಿ ಆರುವ ಸ್ವಿಚ್ಚು) ಬಿದ್ದಿದೆಯೇ, ಅಗ್ನಿ ಪ್ಯಾನೆಲ್ ಇನ್ನೂ ರೀಸೆಟ್ ಆಗಿಲ್ಲವೇ, ಮೋಟಾರು ಬಿಸಿಯಾಗಿ ತನ್ನನ್ನು ತಾನೇ ನಿಲ್ಲಿಸಿಕೊಂಡಿದೆಯೇ ನೋಡಿ. ಮೋಟಾರು ಗುಂಯ್‌ಗುಟ್ಟುತ್ತಾ ಪರದೆ ಕದಲದಿದ್ದರೆ ತಕ್ಷಣ ಆರಿಸಿ. ತಂತಿ ಸಡಿಲವಾದಾಗ ಯಂತ್ರವನ್ನು ತಡೆಯುವ ಸ್ವಿಚ್ಚನ್ನು ತಪ್ಪಿಸಿ ಓಡಿಸಬಾರದು.

ಲಕ್ಷಣ: ಬಟ್ಟೆ ಹರಿದಿದೆ, ಪುಡಿ ಉದುರುತ್ತಿದೆ

ಪರದೆ ಹಳೆಯದಾಗಿದ್ದು ಏನಿಂದ ಮಾಡಿದ್ದೆಂದು ದಾಖಲೆಯಿಲ್ಲದಿದ್ದರೆ, ಅದು ಕಲ್ನಾರಿನದೇ ಎಂದು ಭಾವಿಸಿ ನಡೆದುಕೊಳ್ಳಿ. ಹಿಂದೆ ಈ ಪರದೆಗಳನ್ನು ಕಲ್ನಾರಿನಿಂದ, ಅಂದರೆ ಆಸ್ಬೆಸ್ಟಾಸ್‌ನಿಂದ ನೇಯುತ್ತಿದ್ದರು, ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್‌ಗೆ ಕಾರಣವಾಗುತ್ತದೆ. ಪುಡಿಯನ್ನು ಗುಡಿಸಬೇಡಿ, ಸಾಧಾರಣ ವ್ಯಾಕ್ಯೂಮ್ ಹಿಡಿಯಬೇಡಿ, ಬಟ್ಟೆಗೆ ತೂತು ಕೊರೆಯಬೇಡಿ, ಪರದೆಯನ್ನು ಮತ್ತೆ ಓಡಿಸಲೂ ಬೇಡಿ. ರಂಗ ಮುಚ್ಚಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬಲ್ಲವರನ್ನು ಕರೆಸಿ. ಫೈಬರ್‌ಗ್ಲಾಸ್ ಎಂದು ಖಾತ್ರಿಯಿದ್ದರೆ ಅಪಾಯ ಕಡಿಮೆ, ಮೈ ತುರಿಸುತ್ತದೆ. ಆದರೆ ಹರಿದ ಜಾಗಕ್ಕೆ ಸಾಮಾನ್ಯ ನೂಲಿನ ಹೊಲಿಗೆ, ಅಂಟು ಟೇಪು ನಿಷಿದ್ಧ, ಏಕೆಂದರೆ ಬೆಂಕಿಯಲ್ಲಿ ಮೊದಲು ಹೋಗುವುದು ಅವೇ.

ತಜ್ಞರು ಬರುವವರೆಗೆ, ಮತ್ತು ಬಂದ ಮೇಲೆ

ಪರದೆ ಕೆಟ್ಟಿರುವ ದಿನ ಪ್ರದರ್ಶನ ನಡೆಸಬಹುದೇ ಎಂಬುದು ರಂಗ ನಿರ್ವಾಹಕರೊಬ್ಬರೇ ತೀರ್ಮಾನಿಸುವ ವಿಷಯವಲ್ಲ. ಮಂದಿರದ ಮಾಲೀಕರಿಗೂ ಸ್ಥಳೀಯ ಅಗ್ನಿಶಾಮಕ ಠಾಣೆಗೂ ಬರಹದಲ್ಲಿ ತಿಳಿಸಿ, ಒಪ್ಪಿಗೆ ಸಿಕ್ಕರೂ ಎಣ್ಣೆ ದೀಪ, ಪಂಜು, ಕರ್ಪೂರ, ಪಟಾಕಿಗಳನ್ನು ರಂಗದಿಂದ ಕೈಬಿಡಬೇಕು. ರಂಗದ ಹಿಂಬಾಗಿಲುಗಳನ್ನೂ ಅಂದೇ ನೋಡಿ. ಎಡಿನ್‌ಬರೋದ ಎಂಪೈರ್ ಪ್ಯಾಲೇಸ್ ಥಿಯೇಟರಿನಲ್ಲಿ 1911ರ ಮೇ 9ರಂದು ಬೆಂಕಿ ಬಿದ್ದಾಗ ಅಗ್ನಿ ಪರದೆ ಇಳಿದು ಸುಮಾರು 3000 ಪ್ರೇಕ್ಷಕರು ಪಾರಾದರು. ಪರದೆಯ ಆಚೆಗಿದ್ದ ಜಾದೂಗಾರ ಗ್ರೇಟ್ ಲಾಫಯೆಟ್ ಮತ್ತು ಅವನ ತಂಡದ ಹಲವರು ಸತ್ತರು. ಪರದೆ ಕಾಯುವುದು ಒಂದು ಕಡೆಯವರನ್ನು ಮಾತ್ರ.

ತಜ್ಞರಿಗೆ ಫೋನು ಮಾಡುವಾಗ ಪರದೆ ನೇರ ಏರುವುದೋ ಮಡಿಕೆಯದೋ, ನಿಂತ ಎತ್ತರ, ಅಳೆದ ಸೆಕೆಂಡುಗಳು, ರಿಲೀಸ್ ಹಗ್ಗ ಸಡಿಲವಾಯಿತೋ ಇಲ್ಲವೋ, ಇಷ್ಟನ್ನು ಹೇಳಿದರೆ ಅವರು ಸರಿಯಾದ ಬಿಡಿಭಾಗ ತರುತ್ತಾರೆ. ಅವರು ವೆಲ್ಡಿಂಗ್ ಅಥವಾ ಗ್ರೈಂಡಿಂಗ್ ಮಾಡುವುದಾದರೆ, ಸುತ್ತಲಿನ ಮಖಮಲ್ ಪರದೆಗಳನ್ನು ಇಳಿಸಿ ಹೊರಗೆ ಸಾಗಿಸಿದ ಮೇಲೆಯೇ ಕೆಲಸಕ್ಕೆ ಒಪ್ಪಿಗೆ ಕೊಡಿ. ಬಾರ್ಸಿಲೋನಾದ ಲಿಸೆಯು ಒಪೆರಾ ಮಂದಿರ 1994ರ ಜನವರಿ 31ರಂದು ಸುಟ್ಟುಹೋದದ್ದು, ಅಗ್ನಿ ಸುರಕ್ಷತೆಗೆಂದೇ ಇದ್ದ ಉಕ್ಕಿನ ಪರದೆಯನ್ನು ರಿಪೇರಿ ಮಾಡುವಾಗ ಹಾರಿದ ಕಿಡಿ ಬಟ್ಟೆಯ ಪರದೆಗೆ ತಗುಲಿದ್ದರಿಂದ. ನೀರಿನ ಬಕೆಟ್ಟು, ಅಗ್ನಿಶಾಮಕ ಸಿಲಿಂಡರು ಹಿಡಿದು ಒಬ್ಬರು ಕೆಲಸ ನಡೆಯುವಷ್ಟು ಹೊತ್ತೂ, ಮುಗಿದು ಕನಿಷ್ಠ ಒಂದು ಗಂಟೆಯವರೆಗೂ ಕಾವಲಿರಬೇಕು. ಆಮೇಲೆ ತಜ್ಞರ ಎದುರಿನಲ್ಲೇ ಎರಡು ಪಕ್ಕದ ರಿಲೀಸ್‌ಗಳಿಂದಲೂ ಒಂದೊಂದು ಸಲ ಪರದೆ ಇಳಿಸಿ, ಸಮಯವನ್ನು ದಾಖಲೆ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ.